ಒಂದು ಶಾಕ್ ಸಾಕು

ಕೊಪ್ಪದ ಬಾಳಗಡಿಯ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದ ಧರ್ಮೇಶ, ಎರಡು ಸಾವಿರದ ಆರನೇ ಇಸವಿಯ ಜನವರಿಯ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಹೆಂಡತಿ ಜ್ಯೋತ್ಸ್ನಾಳ ಎದುರು ಭೀಷಣ ಪ್ರತಿಜ್ಞೆಯೊಂದನ್ನು ಮಾಡಿದ.

"ಈ ಸೈಕಲ್ಲಿನ ಋಣ ತೀರ್ತು ಮಾರಾಯ್ತಿ! ಇನ್ನು ಹಳೇದು ಹೋಗ್ತದೆ, ಸ್ಟೀಲ್ ಬರ್ತದೆ!"

ಕುಲುಕಾಟ ತಡೆಯುವ ಶಾಕ್ ಹಿಂದೊಂದು ಮುಂದೊಂದು ಇದ್ದ ಆ ಗುಡ್ಡ ಹತ್ತುವ ಸೈಕಲ್ಲಿಗೆ ಆಗಲೇ ಎಂಟು ವರ್ಷ. ಮುಂದಿನ ಶಾಕ್ ಇನ್ನೂ ಕಲ್ಲುಗುಂಡಿನ ಹಾಗಿತ್ತು. ಹಿಂದಿನದು ಮಾತ್ರ ಕೈಕೊಟ್ಟಿತ್ತು. ಹೋದ ವರ್ಷ ಫಿಸಿಕ್ಸ್ ಮೇಷ್ಟ್ರು ಸಂತೋಷನ ಜೊತೆ ಸಿರಿಮನೆ ಜಲಪಾತಕ್ಕೆ ಹೊರಟಾಗ, ಕಿಗ್ಗದ ಏರಿನಲ್ಲಿ ಕುಂಯ್ ಎಂದು ಕುಸಿದದ್ದು ಮತ್ತೆ ಏಳಲೇ ಇಲ್ಲ. ಧರ್ಮೇಶ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಕೊಪ್ಪಕ್ಕೆ ವಾಪಸ್ಸಾದ. ಆ ಕಥೆಯನ್ನು ಸಂತೋಷ ಸ್ಟಾಫ್ ರೂಮಿನಲ್ಲಿ ಹೇಳದ ವಾರವಿಲ್ಲ. ಪ್ರತಿ ಸಲವೂ ವ್ಯಾನಿನಲ್ಲಿ ಹಾಲಿನ ಕ್ಯಾನು ಜಾಸ್ತಿಯಾಗುತ್ತಿತ್ತು.

ತಡೆಯಲಾರದೆ ಧರ್ಮೇಶ ಎಲ್ಲರೆದುರು ಹೇಳಿಬಿಟ್ಟಿದ್ದ. ಬರುವ ಭಾನುವಾರ ಸ್ವಂತ ಕಟ್ಟಿಸಿದ ಸೈಕಲ್ಲಿನಲ್ಲಿ ಸಿರಿಮನೆ ಹತ್ತುತ್ತೇನೆ, ಸಂತೋಷ ಹಿಂದೆ ಬರಲಿ! ಮಾನ ಉಳಿಯುವುದೂ ಹೋಗುವುದೂ ಆ ಒಂದು ಭಾನುವಾರದ ಮೇಲೆ ನಿಂತಿತ್ತು.

"ಎರಡೆರಡು ಶಾಕ್ ಎಂತಕ್ಕೆ?" ಎಂದ ಹೆಂಡತಿಗೆ. "ಹಿಂದೆ ಗಟ್ಟಿ ಇದ್ರೆ ಆಯ್ತು, ಮುಂದೆ ಒಂದು ಶಾಕ್ ಸಾಕು. ಅದಕ್ಕೆ ಹಾರ್ಡ್‌ಟೇಲ್ ಅಂತಾರೆ."

"ಹಂಗಂದ್ರೆ?"

"ಗಟ್ಟಿ ಬಾಲ."

"ಬಾಲನೂ ಸೈಕಲ್ಲಿಗೆ ಕೊಟ್ರೆ ನಿಮಗೆ ಎಂತ ಉಳೀತು?" ಎಂದಳು ಜ್ಯೋತ್ಸ್ನಾ. ಆಮೇಲೆ ಸುಮ್ಮನೆ ಕೇಳಿದಳು, "ಕಬ್ಬಿಣದ್ದಾ?"

"ಕಬ್ಬಿಣ ಎಂತದು, ಸ್ಟೀಲ್! ಮೊಮ್ಮಕ್ಕಳ ಕಾಲಕ್ಕೂ ಎಂತ ಆಗಲ್ಲ!"

ಜ್ಯೋತ್ಸ್ನಾ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಫಳಫಳ ಹೊಳೆಯುತ್ತಿದ್ದ ಪಾತ್ರೆಗಳ ಕಡೆ ಒಮ್ಮೆ ನೋಡಿದಳು. ಅವಳ ಪಾಲಿಗೆ ಸ್ಟೀಲ್ ಎಂದರೆ ಅದು. ಬಿಡಿಸಿ ಹೇಳುವ ಗೊಡವೆಗೆ ಧರ್ಮೇಶ ಹೋಗಲಿಲ್ಲ. ಮಹಾಕಾರ್ಯಕ್ಕೆ ಹೊರಟವರಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿರುತ್ತದೆ!

ಎರಡು ಸಂಜೆ ಕೂತು ಸೈಕಲ್ ಬಿಚ್ಚಿದ. ಮುಂದಿನ ಶಾಕ್, ಪೆಡಲ್, ಚೈನು, ಬ್ರೇಕು, ಹ್ಯಾಂಡಲ್ ಎಲ್ಲವೂ ಹೊಸ ಫ್ರೇಮಿಗೆ ಹಾಕಬೇಕಾದವು. ಅವನ್ನು ಗ್ರೀಸು ಸಮೇತ ಒಂದು ಗೊಬ್ಬರದ ಚೀಲಕ್ಕೆ ತುಂಬಿ, ಎರಡು ಚಕ್ರಗಳನ್ನು ಪಕ್ಕದಲ್ಲಿ ಒರಗಿಸಿ ಜಗಲಿಯಲ್ಲಿಟ್ಟ. ಶುಕ್ರವಾರ ರಜೆ ಹಾಕಿ, ಬರೀ ಫ್ರೇಮನ್ನು ಅಳತೆಗೆಂದು ಕಂಕುಳಲ್ಲಿ ಇರುಕಿಕೊಂಡು ನರಸಿಂಹರಾಜಪುರದ ಬಸ್ ಹತ್ತಿದ. "ಇದಕ್ಕೆ ಹಾಫ್ ಟಿಕೇಟಾ ಸಾರ್?" ಎಂದ ಕಂಡಕ್ಟರ್.

ಅಲ್ಲಿ ವೆಲ್ಡಿಂಗ್ ಶಾಪಿನ ಮಂಜಯ್ಯ ಗೇಟು, ಕಿಟಕಿ ಸರಳು ಮಾಡುವವರು. ಸೈಕಲ್ ಎಂದರೂ ಪ್ರಾಣ. ಪೈಪುಗಳನ್ನು ಜೋಡಿಸಿ, "ಪೆಡಲ್ ಕೂರೋ ಕೊಳವೆ ಮಾತ್ರ ಹಳೇದ್ರದ್ದೇ ಬೇಕು. ಕತ್ತರಿಸ್ಲಾ? ಆಮೇಲೆ ಹಳೇ ಫ್ರೇಮು ಉಪಯೋಗಕ್ಕಿಲ್ಲ" ಎಂದರು.

"ಕತ್ತರಿಸಿ! ಹಿಂದೆ ತಿರುಗಿ ನೋಡೋ ಮಾತೇ ಇಲ್ಲ!" ಎಂದ ಧರ್ಮೇಶ ವೀರಾವೇಶದಿಂದ.

ಕಿಡಿ ಹಾರಿತು. ಖುಷಿ ತಡೆಯಲಾರದೆ ಧರ್ಮೇಶ ಪಕ್ಕದಂಗಡಿಯ ಕಾಯಿನ್ ಬೂತಿಗೆ ಓಡಿ ಮನೆಗೆ ಫೋನ್ ಮಾಡಿದ. ಇತ್ತ ಕಟ್ಟಿಂಗ್ ಮೆಷಿನ್ನು ಊರಿಗೇ ಕೇಳುವಂತೆ ಅರಚುತ್ತಿತ್ತು.

"ರೀ, ಒಳ್ಳೇ ಹೊತ್ತಿಗೆ ಮಾಡಿದ್ರಿ. ಇಲ್ಲಿ ಕರಿ... ಹಳೇದು... ಸ್ಟೀಲೋ ಪ್ಲಾಸ್ಟಿಕ್ಕೋ ಅಂತ..."

ಧರ್ಮೇಶನಿಗೆ ನಗು ಬಂತು. ಪಾಪ, ಸೈಕಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆಯೇ!

"ಪ್ಲಾಸ್ಟಿಕ್ ಎಂತಕ್ಕೆ ಮಾರಾಯ್ತಿ? ಸ್ಟೀಲೇ! ಸ್ಟೀಲೇ!"

"ಹಂಗಾದ್ರೆ ಎಲ್ಲಾ ಕೊಟ್..." ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು.

ಸಂಜೆ ಹೊಸ ಫ್ರೇಮನ್ನು ಗದೆಯಂತೆ ಹೆಗಲಿಗೇರಿಸಿ ಮನೆಗೆ ಬಂದ. ಜಗಲಿ ಗುಡಿಸಿ ಸಾರಿಸಿದಂತೆ ಸ್ವಚ್ಛವಾಗಿತ್ತು. ಚೀಲ ಇದ್ದ ಜಾಗದಲ್ಲಿ ಮೂರು ಅಂತಸ್ತಿನ ಕಡುಬಿನ ಪಾತ್ರೆಯೊಂದು ಥಳಥಳಿಸುತ್ತಿತ್ತು.

"ಚೀಲ ಎಲ್ಲಿ?"

"ನೀವೇ ಹೇಳಿದ್ರಲ್ಲ! ಪಾತ್ರೆ ಕರಿಯಕ್ಕ ಬಂದಿದ್ಲು, ಹಳೇದು ಕೊಡಿ, ಸ್ಟೀಲ್ ತಗೊಳ್ಳಿ ಅಂತ. ನೀವು ದಿನಾ ಹೇಳ್ತಿದ್ದ ಮಾತೇ. ಆದ್ರೂ ಕೇಳದೆ ಕೊಡ್ಲಿಲ್ಲ ನಾನು. ಪ್ಲಾಸ್ಟಿಕ್ ಟಬ್ಬು ಬೇಡ, ಸ್ಟೀಲೇ ಅಂತ ಕಿರುಚಿದ್ದು ಯಾರು?"

"ಚಕ್ರ?"

"ಚಕ್ರ ಸೇರಿಸಿದ್ದಕ್ಕೇ ಮೂರನೇ ಅಂತಸ್ತು ಕೊಟ್ಟಿದ್ದು. ಬಿಟ್ಟುಬಿಡ್ತೀನಾ ನಾನು?"

ಧರ್ಮೇಶನಿಗೆ ಅಳು ಬಂದಿತು. ಆದರೆ ಅಳಲೂ ಹೊತ್ತಿರಲಿಲ್ಲ. ಹೆಗಲ ಮೇಲಿನ ಫ್ರೇಮನ್ನು ಇಳಿಸುವುದೂ ನೆನಪಾಗದೆ ಬಸ್ ಸ್ಟ್ಯಾಂಡಿಗೆ ಓಡಿದ. ಕರಿಯಕ್ಕ ಬುಟ್ಟಿಯ ಪಕ್ಕ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

"ಆ ಚೀಲ ಗುಜರಿ ಲಾರಿಗೆ ಹಾಕಿ ಆಯ್ತಲ್ಲ ಅಯ್ಯಾ. ಇಷ್ಟೊತ್ತಿಗೆ ಶಿವಮೊಗ್ಗ ಮುಟ್ಟಿರ್ತದೆ" ಎಂದವಳು, ಅವನ ಹೆಗಲು ನೋಡಿ ಕಣ್ಣರಳಿಸಿದಳು. "ಅದನ್ನೂ ಕೊಡಕ್ಕೆ ತಂದ್ರಾ? ಒಂದು ಕೊಳಗ ಕೊಡ್ತೀನಿ."

ಫ್ರೇಮನ್ನು ಎದೆಗವಚಿಕೊಂಡು ಧರ್ಮೇಶ ಮನೆಗೆ ವಾಪಸ್ಸಾದ. ಹಳೇ ಸೈಕಲ್ ಮಂಜಯ್ಯನ ಅಂಗಡಿಯಲ್ಲಿ ತುಂಡಾಗಿತ್ತು. ಹೊಸದಕ್ಕೆ ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಇದ್ದೊಂದು ಶಾಕೂ ಇಲ್ಲ.

ಭಾನುವಾರ ಬೆಳಿಗ್ಗೆ ಸರಿಯಾಗಿ ಆರೂವರೆಗೆ ಅಂಗಳದಲ್ಲಿ ಬೆಲ್ ಕೇಳಿತು. ಸಂತೋಷ ಟೋಪಿ, ಗ್ಲೌಸು, ನೀರಿನ ಬಾಟಲಿ ಸಮೇತ ಸನ್ನದ್ಧನಾಗಿ ಬಂದಿದ್ದ.

"ಎಲ್ಲಿ ಮಾರಾಯ, ನಿನ್ನ ಸ್ಟೀಲ್?"

ಧರ್ಮೇಶ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು. "ಒಲೆ ಮೇಲಿದೆ ಸಾರ್, ಕೂತ್ಕೊಳ್ಳಿ!"

ಕಥೆ ಕೇಳಿದ ಸಂತೋಷ ನಕ್ಕೂ ನಕ್ಕೂ ಕಂಬ ಹಿಡಿದುಕೊಂಡ. ಹಾಲಿನ ಕ್ಯಾನಿನ ಕಥೆಗೆ ಇನ್ನು ನಿವೃತ್ತಿ ಎಂದು ಧರ್ಮೇಶನಿಗೆ ಆಗಲೇ ಖಾತ್ರಿಯಾಯಿತು. ಸಂತೋಷ ಆರು ಕಡುಬು ತಿಂದು, ಸ್ಟೀಲನ್ನು ಬಾಯ್ತುಂಬ ಹೊಗಳಿ, ಒಬ್ಬನೇ ಸಿರಿಮನೆಗೆ ಹೊರಟ.

ಧರ್ಮೇಶ ತಟ್ಟೆಯ ಎದುರು ತಲೆ ತಗ್ಗಿಸಿ ಕೂತಿದ್ದ. ಜ್ಯೋತ್ಸ್ನಾ ಬಿಸಿ ಕಡುಬೊಂದನ್ನು ಬಡಿಸಲು ಬಗ್ಗಿದಳು. ಅವನು ತಟ್ಟೆಗೆ ಅಡ್ಡ ಕೈ ಹಿಡಿದು, "ಸಾಕು" ಎಂದ.

"ಒಂದು ಶಾಕ್ ಸಾಕು ಅಂದಾಗ್ಲೇ ನಂಬಬೇಕಿತ್ತು ನಾನು" ಎಂದಳು ಜ್ಯೋತ್ಸ್ನಾ. "ಈಗ ಸರಿಯಾಗಿ ಹೇಳಿ. ಸಾಕಾಯ್ತಾ, ಇನ್ನೊಂದು ಬೇಕಾ?"