ಚಿಲಕ ಬಡಿಯುವ ಗೌರಿ

ಬಾಗಿಲು ತಟ್ಟಿದವರನ್ನು ಕಾಯಿಸುವುದು ನನ್ನಿಂದಾಗದು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಶಿಸ್ತು. ಭೂಗೋಳ, ಬೀಜಗಣಿತ ಎಲ್ಲ ಮರೆತರೂ ಇದೊಂದು ಉಳಿದುಬಿಟ್ಟಿದೆ. ಕಡೂರಿನ ನಮ್ಮ ಬೀದಿಯಲ್ಲಿ ಈ ದೌರ್ಬಲ್ಯವನ್ನು ಮೊದಲು ಪತ್ತೆ ಹಚ್ಚಿದವಳು ಪಕ್ಕದ ಮನೆ ರಂಗಮ್ಮನವರ ಹಸು ಗೌರಿ. ಹೆಂಚಿನಿಂದಿಳಿದ ಮೊದಲ ರೊಟ್ಟಿ ಹಸುವಿಗೆ ಎನ್ನುವುದು ನಮ್ಮ ಮನೆಯ ಹಳೆಯ ಪದ್ಧತಿ. ಒಂದು ಬೆಳಿಗ್ಗೆ ಅದು ತಡವಾಯಿತು. ಗೌರಿ ಕೊಂಬಿನಿಂದ ಗೇಟಿನ ಚಿಲಕ ಟಣ್ ಎನ್ನಿಸಿದಳು. ನಾನು “ಬಂದೆ, ಬಂದೆ” ಎನ್ನುತ್ತ ಓಡಿದೆ. ಅಲ್ಲಿಗೆ ಅವಳಿಗೆ ವಿದ್ಯೆ ಒಲಿಯಿತು. ಮೊದಲ ರೊಟ್ಟಿಯ ಹಿಂದೆ ಎರಡನೆಯದು, ಆಮೇಲೆ ಬೆಲ್ಲ ಸವರಿದ್ದು. ಅವಳು ಕಣ್ಣು ಅರೆಮುಚ್ಚಿ ಮೆಲ್ಲುವಾಗ ಕತ್ತಿನಡಿ ಜೋಲುವ ಗಂಗೆದೊಗಲು ಸವರುತ್ತ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ರಂಗಮ್ಮ ಖಾಲಿ ಚೊಂಬು ಹಿಡಿದು ಬಂದರು. “ಏನ್ ಮಾಟ ಮಾಡಿದ್ದೀರಿ ಮೇಡಂ? ಕರೆಯಕ್ ಕೂತ್ರೆ ನಿಮ್ ಗೇಟ್ ಕಡೆ ಎಳೀತಾಳೆ, ಹಾಲೇ ಬಿಡಲ್ಲ. ಯಗಟಿ ಊರೋರು ಕೊಳ್ಳಕ್ ಕೇಳ್ತಾವ್ರೆ, ಹಿಂಗೇ ಆದ್ರೆ ಕೊಟ್ಬಿಡ್ತೀನಿ ಕಣ್ರೀ!”

ಅಜ್ಜಂಪುರದಿಂದ ರಜೆಗೆ ಬಂದಿದ್ದ ನಾದಿನಿಯ ಮಗಳು ಸ್ಫೂರ್ತಿ ಮಿದುಳಿನ ವಿಷಯವನ್ನೇ ಓದುವವಳು, ಅವಳಲ್ಲಿ ಅಲವತ್ತುಕೊಂಡೆ. “ಹಣೆ ಹಿಂದೆ ಪ್ರೀಫ್ರಂಟಲ್ ಕಾರ್ಟೆಕ್ಸ್ ಅಂತ ಇರುತ್ತೆ ಅತ್ತೆ. ಏನ್ ಮಾಡಿದ್ರೆ ಏನ್ ಸಿಗುತ್ತೆ, ಸಿಗದಿದ್ರೆ ಯಾವಾಗ ಕೈಬಿಡ್ಬೇಕು ಅಂತ ತೂಗಿ ನೋಡೋದ್ರಲ್ಲಿ ಅದರ ಪಾತ್ರ ದೊಡ್ಡದು. ಇಲಿಗೂ ಇದೆ, ಗೌರಿಗೂ ಇದೆ. ನೀವು ಗೇಟಲ್ಲಿ ಕೊಡೋದು ನಿಲ್ಲಿಸಿ, ಅವಳೇ ಸುಮ್ಮನಾಗ್ತಾಳೆ” ಎಂದಳು. ಗೌರಿಯ ಆ ಬಿಳಿ ಚುಕ್ಕೆಯ ಹಣೆಯ ಹಿಂದೆ ಇಷ್ಟೊಂದು ವ್ಯವಹಾರವೇ ಎಂದು ನಾನು ಬೆರಗಾದೆ.

ಮರುದಿನ ಚಿಲಕ ಟಣ್ ಎಂದಿತು. ಕಿವಿ ಮುಚ್ಚಿಕೊಂಡೆ. ಟಣ್, ಟಣ್! ಸಿಸ್ಟರ್ ನೆನಪಾದರು. ಒಂದು ತುಂಡು ಮುರಿದು ಓಡಿದೆ. ಹಿಂದೆಯೇ ಸ್ಫೂರ್ತಿ! “ಅಯ್ಯೋ ಅತ್ತೆ, ಇದು ಇನ್ನೂ ಕೆಟ್ಟದ್ದು. ಯಾವತ್ತೋ ಒಂದಿನ ಸಿಗುತ್ತೆ ಅಂತಾದ್ರೆ ಅವಳು ಆಸೇನೇ ಬಿಡಲ್ಲ!” ಕೊನೆಗೆ ಅವಳೇ ಮೊದಲ ರೊಟ್ಟಿಯನ್ನು ರಂಗಮ್ಮನವರ ಕೊಟ್ಟಿಗೆಗೆ ವರ್ಗ ಮಾಡಿಸಿದಳು: ಹಾಲು ಬಿಟ್ಟರೆ ರೊಟ್ಟಿ.

ಗೌರಿ ಕೆಲವು ದಿನ ಚಿಲಕ ಬಡಿದಳು, ಆಮೇಲೆ ಬರಿದೇ ಮೂಸಿದಳು, ಈಗ ನಮ್ಮ ಗೇಟಿನತ್ತ ಕತ್ತು ಕೂಡ ಹೊರಳಿಸದೆ ಹೋಗುತ್ತಾಳೆ. ನಿನ್ನೆ ರಂಗಮ್ಮ ತುಂಬಿದ ಚೊಂಬು ತೋರಿಸಿ ನಕ್ಕರು. “ಬುದ್ಧಿ ಬಂತು ನೋಡ್ರಿ ನಮ್ ಗೌರಿಗೆ, ಇನ್ನು ಮಾರಲ್ಲ. ಅದ್ಸರಿ, ನೀವ್ಯಾಕ್ರೀ ದಿನಾ ಈ ಹೊತ್ಗೆ ಬಂದು ಗೇಟ್ ಹತ್ರ ನಿಂತ್ಕತೀರಿ?”

“ಗಾಳಿಗೆ” ಎಂದೆ. ಸೆರಗಿನಡಿ ರೊಟ್ಟಿ ಕೈ ಸುಡುತ್ತಿತ್ತು.