ಚಾದರದ ಕೆಳಗಿನ ಸೌದಾ

ಈ ಬುದ್ಧಿ ಬರಲು ನಾನು ತೆತ್ತ ಬೆಲೆ ಒಂಬತ್ತು ದಿನದ ಆಸ್ಪತ್ರೆವಾಸ, ಆರು ಕಿಲೋ ತೂಕ ಮತ್ತು ಹೆಂಡತಿಯ ಎದುರು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ಒಂದು ಸುಳ್ಳು. ಕಾರಣವಿಷ್ಟೇ: ಬಿಟ್ಟಿ ಸಿಕ್ಕಿದ್ದು ಲೆಕ್ಕಕ್ಕೆ ಬರುವುದಿಲ್ಲವೆಂದು ನಂಬಿದ್ದೆ.

ನಾನು ಹಳೇ ಟ್ರ್ಯಾಕ್ಟರುಗಳ ದಲಾಲಿ. ಎತ್ತಿನ ಸಂತೆಗಳಲ್ಲಿ ನೋಡಿ ಕಲಿತ ವಿದ್ಯೆಯನ್ನೇ ಎಂಜಿನ್ನಿಗೂ ಹಚ್ಚಿದವನು. ನಮ್ಮಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಎದುರಿನವನ ಕೈ ಹಿಡಿದು, ಎಷ್ಟೋ ಅಷ್ಟು ಬೆರಳು ಒತ್ತುತ್ತೇವೆ. ಬಾಯಿ ಸುಳ್ಳಾಡಿದರೆ ನಡೆದೀತು. ಬೆರಳು ಸುಳ್ಳಾಡಿದವನಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ. ಸೌದಾ ಕುದುರಿದ ಮೇಲೆ ದಲಾಲಿಗೆ ಊಟ ಹಾಕಿಸುವುದು ಪದ್ಧತಿ. ಊಟವೆಂದರೆ ಕ್ವಾರ್ಟರ್, ಕೊಬ್ಬು ತೇಲುವ ಮಟನ್, ಮೇಲೆ ಸಿಗರೇಟು. ಸೌದಾ ಇಲ್ಲದ ದಿನ ಮುಂದಿನ ಸೌದಾದ ಮಾತುಕತೆ ಇರುತ್ತಿತ್ತು. ಒಂದೂ ನನ್ನ ಜೇಬಿನಿಂದ ಹೋಗದ್ದರಿಂದ ಅದನ್ನು ನಾನು ಕುಡಿತವೆಂದೇ ಕರೆದಿರಲಿಲ್ಲ.

ಸಿರುಗುಪ್ಪದಲ್ಲಿ ಅಂಥದ್ದೊಂದು ಊಟ ಮುಗಿಸಿ ಏಳುವಾಗ ಎದೆಗೂಡಿನ ಕೆಳಗೆ ಏನೋ ಹೊರಳಿ ಬೆನ್ನಿನವರೆಗೆ ತೂರಿತು. ಮುಂದಕ್ಕೆ ಬಾಗಿದರೆ ಮಾತ್ರ ಉಸಿರು. ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವವನ ಹಾಗೆ ಬಗ್ಗಿಕೊಂಡೇ ಬಳ್ಳಾರಿಯ ಆಸ್ಪತ್ರೆ ಸೇರಿದೆ.

"ಪ್ಯಾಂಕ್ರಿಯಾಸ್ ಊದೈತಿ" ಎಂದರು ಡಾಕ್ಟರಮ್ಮ. "ಅನ್ನ ಅರಗಿಸಾಕ ಆ ಗ್ರಂಥಿ ಬಿಡೋ ರಸ ಈಗ ಅದನ್ನ ಅರಗಿಸಾಕ ಹತ್ತೈತಿ."

ನನಗೆ ಗುಟುಕು ನೀರೂ ಕೊಡಬಾರದೆಂದು ಅಪ್ಪಣೆಯಾಗಿತ್ತು. ಒಳಗೆ ಒಂದು ಅಂಗ ತನ್ನನ್ನೇ ಉಣ್ಣುತ್ತಾ ಕೂತಿದೆ! ಕಿವಿಗೊಟ್ಟರೆ ಅಗಿಯುವ ಸದ್ದೂ ಕೇಳಿಸೀತೆಂದು ಉಸಿರು ಹಿಡಿದೆ.

"ವಾರಕ್ಕ ಎಷ್ಟು ದಿನ ಕುಡೀತೀರಿ?"

ಹೆಂಡತಿ ಮಂಚದ ಪಕ್ಕದಲ್ಲೇ ಇದ್ದಳು. "ಒಂದು" ಎಂದೆ.

"ಖರೇ ಹೇಳ್ರಿ. ದಿನಾ ಕುಡಿಯೋರು ಒಮ್ಮಿಗೇ ನಿಲ್ಲಿಸಿದ್ರ ಕೈ ನಡುಗಿ, ಇಲ್ಲದ್ದೆಲ್ಲ ಕಂಡು, ಜೀವಕ್ಕ ಕುತ್ತು ಬರಬಹುದು. ಅದಕ್ಕ ಔಷಧ ಬ್ಯಾರೆ ಕೊಡಬೇಕು."

"ಎರಡು ಅಂತ ಬರಕೋರಿ."

ಪಕ್ಕದ ಮಂಚದಲ್ಲಿದ್ದ ಕುರುಗೋಡಿನ ಮೌಲಾಸಾಬರು ನಕ್ಕುಬಿಟ್ಟರು. "ಡಾಕ್ಟರಮ್ಮನ ಕೂಡನೂ ಚೌಕಾಸಿ ಏನ್ರಿ ಸಾವ್ಕಾರ್ರ? ನಾ ಒಂದು ಹನಿ ಮುಟ್ಟಿದಾವಲ್ಲ, ಪಿತ್ತದ ಹರಳು ಇದ ಬ್ಯಾನಿ ತಂದು ಮಲಗಿಸ್ತು. ನಿಮಗ ಹರಳೂ ಇಲ್ಲಂತ!"

ಮರುದಿನ ಮಧ್ಯಾಹ್ನ ವಾರ್ಡೆಲ್ಲ ನಿದ್ದೆ ಹೋಗಿತ್ತು. ಆಗ ಚಾದರದ ಕೆಳಗೆ ಯಾರೋ ನನ್ನ ಬಲಗೈ ಹಿಡಿದರು. ತಣ್ಣಗಿನ, ಬೆವೆತ ಕೈ. ಹಿಡಿತ ಪಳಗಿದ ದಲಾಲಿಯದೇ. ಅಭ್ಯಾಸಬಲ, ನಾನು ಎರಡು ಬೆರಳು ಒತ್ತಿದೆ. ಅದು ಒಪ್ಪಲಿಲ್ಲ. ನನ್ನ ಐದೂ ಬೆರಳು ಕೂಡಿಸಿ ಹಿಡಿದು ಒತ್ತಿತು. ತುಸು ತಡೆದು, ಇನ್ನೆರಡು ಒತ್ತಿತು.

ಏಳು.

ಮೌಲಾಸಾಬರ ಕಡೆ ನೋಡಿದೆ: ಎದೆಯ ಮೇಲೆ ಎರಡೂ ಕೈ, ಗಾಢ ನಿದ್ದೆ. ಹೆಂಡತಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಳು, ಅವಳ ಕೈ ಅವಳ ಮಡಿಲಲ್ಲಿ. ಮೆಲ್ಲಗೆ ಚಾದರ ಎತ್ತಿದೆ. ಹಿಡಿದಿದ್ದುದು ನನ್ನದೇ ಎಡಗೈ. ಬಿಡು ಎಂದರೂ ಬಿಡಲಿಲ್ಲ. ಎರಡೂ ನಡುಗುತ್ತಿದ್ದವು.

"ಏ, ಡಾಕ್ಟರಮ್ಮನ್ನ ಕರಿ ಲಗೂನ" ಎಂದು ಹೆಂಡತಿಯನ್ನು ಎಬ್ಬಿಸಿದೆ. "ಎರಡಲ್ಲ, ಏಳು. ದಿನಾಲೂ."

ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು. "ನಿನ್ನೆನ ನಾ ಹೊರಗ ಹೋಗಿ ಡಾಕ್ಟರಮ್ಮಗ ಐದು ಅಂತ ಹೇಳಿ ಬಂದಿದ್ದೆ. ನೀವು ನನ್ನ ಲೆಕ್ಕನೂ ದಾಟಿ ಹೋದ್ರಲ್ರಿ!" ಎಂದವಳೇ ಓಡಿದಳು. ಔಷಧ ಬದಲಾಯಿತು, ನಡುಕ ಇಳಿಯಿತು, ನಾನು ಉಳಿದೆ. ಎದುರಿನವರು ಹೇಳಿದ್ದಕ್ಕಿಂತ ಹೆಚ್ಚಿಗೆ ಕೂಗಿ ನಾನು ಗೆದ್ದ ಸೌದಾ ಅದೊಂದೇ. ಇಂದಿಗೂ ಎರಡೂ ಕೈ ಚಾದರದ ಹೊರಗಿಟ್ಟುಕೊಂಡೇ ಮಲಗುತ್ತೇನೆ.

ಕೇಳದಿದ್ದರೂ ಹೇಳುತ್ತೇನೆ: ಬಿಟ್ಟಿ ಗ್ಲಾಸನ್ನೂ ಎಣಿಸಿ. ಸಿಗರೇಟು ಈ ರೋಗದ ಧಂದೆಯಲ್ಲಿ ಸದ್ದಿಲ್ಲದ ಪಾಲುದಾರ, ಅದನ್ನೂ ಬಿಡಿ. ರಕ್ತದಲ್ಲಿ ಕೊಬ್ಬು ಏರಿದರೂ ಇದೇ ಗತಿ, ಪರೀಕ್ಷೆ ಮಾಡಿಸಿಕೊಳ್ಳಿ. ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹಾಯ್ದರೆ ಸೋಡಾ ಕುಡಿದು ತೇಗಿಗಾಗಿ ಕಾಯಬೇಡಿ, ಆಸ್ಪತ್ರೆಗೆ ನಡೆಯಿರಿ. ಅಲ್ಲಿ ಡಾಕ್ಟರು "ಎಷ್ಟು?" ಎಂದಾಗ, ಮೊದಲ ಮಾತಿಗೇ ಕೊನೆಯ ದರ ಹೇಳಿಬಿಡಿ.