ಗೌಡರ ಮಾಳಿಗೆಯ ಮೇಲಿನ ದುರ್ಬೀನು

ಆಕಾಶ ನೋಡಲು ಹೊರಟ ನಮ್ಮ ಖಗೋಳ ಸಂಘಕ್ಕೆ ನೆಲದ ಮೇಲೇ ದಿನಕ್ಕೊಂದು ಫಜೀತಿ ಕಾದಿರುತ್ತಿತ್ತು. ಎಂಬತ್ತರ ದಶಕದಲ್ಲಿ ನಾವು ನಾಲ್ಕೈದು ಮಾಸ್ತರುಗಳು ಮೊರಬ ಎಂಬ ಹಳ್ಳಿಯ ಗೌಡರೊಬ್ಬರ ಮಾಳಿಗೆಯ ಖೋಲಿಯಲ್ಲಿ ದುರ್ಬೀನು ಇಟ್ಟು, ತಗಡಿನ ಚಾವಣಿ ಸರಿಯುವಂತೆ ಮಾಡಿಸಿ, ಅದಕ್ಕೆ ವೀಕ್ಷಣಾಲಯ ಎಂದು ಹೆಸರಿಟ್ಟಿದ್ದೆವು. ಗೌಡರಿಗೆ ಆ ಖೋಲಿ ಶೇಂಗಾ ಚೀಲ ಇಡಲು ಬೇಕಾಗಿತ್ತು. ಯಾವಾಗ ಜಾಗ ಬಿಡಿ ಅನ್ನುತ್ತಾರೋ ಎಂದು ಸದಾ ಅಂಜುತ್ತಲೇ ಇರುತ್ತಿದ್ದೆವು.

೧. ಶ್ಯಾವಿಗೆ

ಒಂದು ರವಿವಾರ ಮಧ್ಯಾಹ್ನ ಹೋಗಿ ನೋಡಿದರೆ ಚಾವಣಿ ಪೂರ್ತಿ ತೆರೆದಿದೆ, ಅಡ್ಡ ಮಲಗಿಸಿದ ದುರ್ಬೀನಿನ ಉದ್ದಕ್ಕೂ ಶ್ಯಾವಿಗೆ ಒಣಗುತ್ತಿದೆ. ಗೌಡರ ಹೆಂಡತಿಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ಇಲ್ಲಿ ನಾಯಿ ಹತ್ತುವುದಿಲ್ಲ, ಮಕ್ಕಳು ಮುಟ್ಟುವುದಿಲ್ಲ ಎಂದು ಒಂದೊಂದೇ ಗುಣ ಎಣಿಸಿದರು. "ಬಿಸಲು ಸರದಂಗ ತಿರುವಾಕ ಬರತೈತ್ರಿ ಮಾಸ್ತರ. ಇಂಥಾ ಕೋಲು ಊರಾಗ ಯಾರ ಮನ್ಯಾಗೂ ಇಲ್ಲ."

ಅಲ್ಲಿಯವರೆಗೆ ನಮ್ಮ ದುರ್ಬೀನನ್ನು ಯಾರೂ ಇಷ್ಟು ಹೊಗಳಿರಲಿಲ್ಲ.

೨. ಪಲ್ಟಿ

ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಇದನ್ನು ಗೌಡರ ತಮ್ಮನಿಗೆ ಹೇಳಲು ಮರೆತಿದ್ದೆ. ಒಂದು ಸಂಜೆ ಆತ ಅದನ್ನು ರಸ್ತೆಯ ಕಡೆ ತಿರುಗಿಸಿ ನೋಡಿದ. ಹುಬ್ಬಳ್ಳಿ ಬಸ್ಸು ಗಾಲಿ ಮೇಲೆ ಮಾಡಿಕೊಂಡಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿಳಿದು, ಹತ್ತು ಜನರನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಹೋಗಿಯೇ ಬಿಟ್ಟ. ಅರ್ಧ ತಾಸಿಗೆ ಸಮಾಧಾನದ ಮುಖ ಹೊತ್ತು ಮರಳಿದ.

"ನಾವು ಹೋಗೂದ್ರಾಗ ಯಾರೋ ಎತ್ತಿ ನಿಂದರಿಸಿದ್ರು," ಅಂದ.

೩. ಶನಿ

ಶೇಂಗಾ ರಾಶಿ ಮುಗಿದು ಚೀಲಗಳು ಹೊಲದಿಂದ ಮನೆಗೆ ಬಂದವು. ಖೋಲಿ ನಮಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು ಗೌಡರೇ ಒಂದು ಸಂಜೆ ಮಾಳಿಗೆ ಹತ್ತಿದರು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಸಂಘದ ಅಧ್ಯಕ್ಷರು ಹುರುಪಿನಿಂದ, ಕೋಟಿ ಕೋಟಿ ಮೈಲು ದೂರದ ಶನಿಯನ್ನು ನಿಮ್ಮ ಕಣ್ಣೆದುರಿಗೇ ತಂದಿದ್ದೇವೆ ಎಂದರು.

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. "ಅಷ್ಟು ದೂರ ಇದ್ದಾಂವನ್ನ ನನ್ನ ಮನೀಗೆ ಕರಕೊಂಡ ಬಂದೀರೇನು? ನಾಳೆ ಖೋಲಿ ಖಾಲಿ ಮಾಡ್ರಿ."

ನನಗೆ ಅಳುವೇ ಬಂತು. ಗಾಬರಿಯಲ್ಲಿ ದುರ್ಬೀನನ್ನು ತಿರುಗಾಮುರುಗಾ ಮಾಡಿ, ಈಗ ದಪ್ಪ ತುದಿಯಿಂದ ನೋಡಿ, ಮೊದಲಿಗಿಂತಲೂ ದೂರ ಹೋಗಿರುತ್ತಾನೆ ಎಂದೆ. ಗೌಡರು ಅಂಜುತ್ತ ಇಣುಕಿದರು. ಶನಿ ಎಲ್ಲೂ ಇರಲಿಲ್ಲ. ಭಲೇ ಓಡಿಸಿದಿರಿ ಎಂದು ನನ್ನ ಬೆನ್ನು ಚಪ್ಪರಿಸಿ, ಖೋಲಿಯನ್ನು ಕಾಯಂ ನಮಗೇ ಬಿಟ್ಟರು.

ಮುಂದಿನ ಶನಿವಾರ ಸುತ್ತಲಿನ ಹಳ್ಳಿಗಳ ಜನ ಕಾಯಿ, ಎಳ್ಳೆಣ್ಣೆ ಹಿಡಿದು ಮೆಟ್ಟಿಲ ಮೇಲೆ ಪಾಳಿ ಹಚ್ಚಿದ್ದರು. ಇವರಿಗೆಲ್ಲ ವಿಜ್ಞಾನ ತಿಳಿಸಿ ಹೇಳಲಿ ಎಂದು ಅಧ್ಯಕ್ಷರನ್ನು ಹುಡುಕಿದೆ. ಅವರು ಪಾಳಿಯ ಮೊದಲಿಗೇ ನಿಂತಿದ್ದರು.

"ಸಾಡೇಸಾತಿ ನಡದದ್ರಿ," ಎಂದು ಕಿವಿಯಲ್ಲಿ ಉಸುರಿದರು. "ನನಗ ಸ್ವಲ್ಪ ಹೆಚ್ಚು ಹೊತ್ತು ತಿರುವಿ ಹಿಡೀರಿ."